ಪುರದ ಸಗಣಿ ಲೆಕ್ಕ

ಪೆಟ್ರೋಲ್ ಬಂಕಿನ ದರ ಏರಿದಾಗಷ್ಟೇ ನಮಗೆ ತೈಲದ ಚಿಂತೆ. ಒಂದೆರಡು ರೂಪಾಯಿ ಇಳಿದರೆ ಸಾಕು, ಮರೆತೇ ಬಿಡುತ್ತೇವೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರಬೇಕು. ಎಲ್ಲೋ ಯುದ್ಧವಾದರೆ ಇಲ್ಲಿ ತರಕಾರಿ ಲಾರಿಯ ಬಾಡಿಗೆ ಏರುತ್ತದೆ. ಇತ್ತ ಮಳೆಯೂ ನಕ್ಷತ್ರದ ಲೆಕ್ಕಕ್ಕೆ ಸಿಗುತ್ತಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಇವಕ್ಕೆಲ್ಲ ನಮ್ಮಲ್ಲಿರುವ ಉತ್ತರ ಎರಡೇ: ಸರ್ಕಾರ ಏನಾದರೂ ಮಾಡಲಿ, ಇಲ್ಲವೇ ಉಳ್ಳವರು ತಂತಮ್ಮ ತಾರಸಿಗೆ ಸೋಲಾರ್ ಹಾಕಿಸಿಕೊಳ್ಳಲಿ. ನಡುವೆ ಊರು, ಕೇರಿ, ಬೀದಿ ಎಂಬುವೂ ಇವೆ. ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಿಡಿದವರು ಒಬ್ಬರಿದ್ದರು. 1973ರಲ್ಲಿ ಅರಬ್ ದೇಶಗಳು ತೈಲಕ್ಕೆ ಬಿಗಿ ಹಾಕಿದಾಗ ಜಗತ್ತೇ ಬೆಚ್ಚಿತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಹೊಗೆಯಿಲ್ಲದ ‘ಅಸ್ತ್ರ ಒಲೆ’ಯಿಂದ ಹಳ್ಳಿಯವರಿಗೂ ಈ ಹೆಸರು ಗೊತ್ತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಅದೇ ತಂಡ ನಡೆಸಿದ ಪ್ರಯೋಗದ ನೆನಪು ಮಾತ್ರ ಕಡಿಮೆ ಜನರಿಗಿದೆ.

ಐನೂರು ಜನವೂ ಇಲ್ಲದ ಊರು ಅದು. ಮೊದಲ ಯೋಚನೆ ಸರಳವಾಗಿತ್ತು. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಗೋಬರ್ ಗ್ಯಾಸ್ ಮಾಡುವುದು, ಮನೆಮನೆಗೆ ಅಡುಗೆಗೆ ಕೊಡುವುದು. ಆಗಲಿಲ್ಲ. ಊರ ದನಗಳ ಸಗಣಿಯೆಲ್ಲ ಕೂಡಿದರೂ ಎಲ್ಲ ಮನೆಗಳ ಎರಡು ಹೊತ್ತಿನ ಅಡುಗೆಗೆ ಗ್ಯಾಸ್ ಸಾಲದು. ಮೇಲಾಗಿ ಸೌದೆ ಆಯ್ದು ತಂದರೆ ದುಡ್ಡು ಕೊಡಬೇಕಿರಲಿಲ್ಲ. ಊರಿಗೆ ನಿಜವಾಗಿ ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಯೋಜನೆಯ ದಿಕ್ಕೇ ಬದಲಾಯಿತು. ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಹಾಯಿಸಿ, ಡೀಸೆಲ್ ಖರ್ಚನ್ನು ಅಲ್ಪಕ್ಕೆ ಇಳಿಸಿ, 5 ಕಿಲೋವಾಟಿನ ಜನರೇಟರ್ ಓಡಿಸಿದರು. ಆ ಕರೆಂಟಿನಿಂದ ಬೋರ್‌ವೆಲ್ ನೀರು ನಲ್ಲಿಗೆ ಬಂತು, ಸೀಮೆಎಣ್ಣೆ ಬುಡ್ಡಿಯ ಜಾಗದಲ್ಲಿ ಬಲ್ಬು ಹತ್ತಿತು.

ಯಂತ್ರಕ್ಕಿಂತ ದೊಡ್ಡ ಸಂಗತಿ ಅದರ ಸುತ್ತಲಿನ ಲೆಕ್ಕ. ಮನೆಯವರು ಸಗಣಿ ಹೊತ್ತು ತರಬೇಕು, ಅದನ್ನು ತೂಗಿ ಬರೆದುಕೊಳ್ಳಬೇಕು. ಕಿಲೋಗೆ 2 ಪೈಸೆಯಂತೆ ಹೊತ್ತು ತಂದ ಕೂಲಿ. ಗ್ಯಾಸ್ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು ಬಸಿದು, ಯಾರು ಎಷ್ಟು ತಂದಿದ್ದರೋ ಅದಕ್ಕೆ ತಕ್ಕಂತೆ ವಾಪಸು. ತಿಪ್ಪೆಯಲ್ಲಿ ಬಿಸಿಲಿಗೆ ಒಣಗಿದ ಗೊಬ್ಬರಕ್ಕಿಂತ ಅದರಲ್ಲಿ ಸಾರಜನಕ ಹೆಚ್ಚು, ಹೀಗಾಗಿ ರೈತನಿಗೆ ಕೊಟ್ಟದ್ದೇನೂ ಕೈಬಿಟ್ಟು ಹೋಗುತ್ತಿರಲಿಲ್ಲ. ಸ್ಥಾವರ ನೋಡಿಕೊಳ್ಳುವವರು ಊರಿನದೇ ಹುಡುಗರು. ಎರಡು ಪೈಸೆಯಿಂದ ಯಾರೂ ಸಿರಿವಂತರಾಗಲಿಲ್ಲ ನಿಜ. ಆದರೆ ಕೊಟ್ಟಿಗೆ ಬಾಚುವ ಹೆಂಗಸರ ದುಡಿಮೆಗೆ ಮೊದಲ ಸಲ ಪುಸ್ತಕದಲ್ಲೊಂದು ಸಾಲು ಸಿಕ್ಕಿತು.

ಎಲ್ಲರಿಗೂ ಸೇರಿದ ಸ್ವತ್ತು ಹಾಳಾಗದೆ ಇರದು ಎಂದು ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದದ್ದು ಪ್ರಸಿದ್ಧ. ತನ್ನ ಲಾಭಕ್ಕೆ ಒಬ್ಬೊಬ್ಬನೂ ಒಂದೊಂದು ಹಸು ಹೆಚ್ಚಿಗೆ ಮೇಯಿಸಿದರೆ ಗೋಮಾಳ ಬರಿದಾಗುತ್ತದೆ ಎಂಬುದು ಆ ವಾದ. ರೆಡ್ಡಿ ಅವರು ಪುರವನ್ನೇ ಮುಂದಿಟ್ಟು ಉತ್ತರ ಕೊಟ್ಟರು. ಇಲ್ಲಿ ಒಬ್ಬ ಸಗಣಿ ತರುವುದನ್ನು ನಿಲ್ಲಿಸಿದರೆ ಮೊದಲು ಆರುವುದು ಅವನದೇ ಮನೆಯ ದೀಪ, ನಿಲ್ಲುವುದು ಅವನದೇ ಬೀದಿಯ ನಲ್ಲಿ. ಒಬ್ಬನ ಸ್ವಾರ್ಥ ಊರಿನ ಹಿತದ ಜೊತೆಗೇ ಹೆಜ್ಜೆ ಹಾಕುವಂತೆ ವ್ಯವಸ್ಥೆ ಕಟ್ಟಿದರೆ ಉಪದೇಶ ಬೇಕಾಗುವುದಿಲ್ಲ.

ಇಂಥದೇ ಪಾಠವನ್ನು ಇಂಗ್ಲೆಂಡೂ ಬೇರೆ ಬಾಗಿಲಿನಿಂದ ಕಲಿಯಿತು. ಐರ್ಲೆಂಡಿನ ಕಿನ್ಸೇಲ್ ಕಾಲೇಜಿನಲ್ಲಿ ರಾಬ್ ಹಾಪ್ಕಿನ್ಸ್ ಎಂಬ ಮೇಷ್ಟ್ರು 2005ರಲ್ಲಿ ವಿದ್ಯಾರ್ಥಿಗಳಿಂದ ಒಂದು ನೀಲನಕ್ಷೆ ಬರೆಸಿದರು: ತೈಲ ಕಡಿಮೆಯಾಗುತ್ತ ಹೋದರೆ ನಮ್ಮ ಪಟ್ಟಣ ಬದುಕುವುದು ಹೇಗೆ? ಮರುವರ್ಷ ಡೆವನ್ ಕೌಂಟಿಯ ಟಾಟ್ನೆಸ್‌ನಲ್ಲಿ ‘ಟ್ರಾನ್ಸಿಷನ್ ಟೌನ್’ ಚಳವಳಿ ಆರಂಭವಾಯಿತು. 2007ರಲ್ಲಿ ಊರಿಗೇ ಸ್ವಂತ ‘ಟಾಟ್ನೆಸ್ ಪೌಂಡ್’ ಬಂತು, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು, 2019ರಲ್ಲಿ ಮುಗಿಯಿತು. ಆ ನೋಟು ಬಳಸುವುದನ್ನು ಬಿಟ್ಟರೂ ಯಾರಿಗೂ ಯಾವ ನಷ್ಟವೂ ಇರಲಿಲ್ಲ, ಕಾರ್ಡ್ ಉಜ್ಜಿದರೆ ಕೆಲಸ ಆಗುತ್ತಿತ್ತು. ಅಷ್ಟು ಸದ್ದು ಮಾಡದೆ ನಡೆದವು ಬೀದಿ ಗುಂಪುಗಳು. ಅಕ್ಕಪಕ್ಕದ ಕೆಲವೇ ಮನೆಯವರು ಒಬ್ಬರ ನಡುಮನೆಯಲ್ಲಿ ಸೇರಿ ಕರೆಂಟು, ನೀರು, ಓಡಾಟದ ಖರ್ಚು ಹೇಗೆ ತಗ್ಗಿಸಬಹುದೆಂದು ಕೂಡಿ ಯೋಚಿಸಿದರು. ಬಿಲ್ಲು ಇಳಿದದ್ದು ಕಣ್ಣಿಗೆ ಕಂಡಿತು. ಆ ಕೆಲಸಕ್ಕೆ 2011ರಲ್ಲಿ ಆಶ್ಡೆನ್ ಪ್ರಶಸ್ತಿಯೂ ಬಂತು.

ಟ್ರಾನ್ಸಿಷನ್ ಚಳವಳಿಯವರು ಹೆದರಿದಂತೆ ತೈಲವೇನೂ ಬತ್ತಲಿಲ್ಲ. ಅಮೆರಿಕ ಶೇಲ್ ಬಂಡೆ ಸೀಳಿ ತನ್ನ ಉತ್ಪಾದನೆಯನ್ನು 2008ರಲ್ಲಿದ್ದ ದಿನಕ್ಕೆ 50 ಲಕ್ಷ ಬ್ಯಾರಲ್‌ನಿಂದ 2023ರ ಹೊತ್ತಿಗೆ ಸುಮಾರು 1.3 ಕೋಟಿಗೆ ಏರಿಸಿತು. ಬಾವಿ ಬತ್ತುವ ಮುಂಚೆಯೇ ಹವೆ ಕೆಟ್ಟಿತು. ತೈಲ ಮುಗಿದ ಮೇಲೆ ನೋಡೋಣ ಎಂದು ಕೂತರೆ ನಮಗೆ ಉಳಿಯುವುದು ಬಿಸಿಲು ಮಾತ್ರ.

ಪುರದ ಸ್ಥಾವರವೂ ಸುಮಾರು ಒಂದು ದಶಕ ನಡೆದು ನಿಂತಿತು. ಅದೇ ಮಾದರಿಯನ್ನು ಬೇರೆ ಊರುಗಳಿಗೆ ಒಯ್ಯುವ ಪ್ರಯತ್ನವೂ ಕೈಗೂಡಲಿಲ್ಲ. ವಿಜ್ಞಾನಿಗಳ ತಂಡ ಸರಿದ ಮೇಲೆ ಆ ಲೆಕ್ಕದ ಪುಸ್ತಕವನ್ನು ಹಿಡಿಯುವ ಸಂಸ್ಥೆಯೊಂದು ಬೇಕಿತ್ತು. ಯಂತ್ರ ಕೊಡಲು ನಮ್ಮಲ್ಲಿ ಇಲಾಖೆಗಳಿವೆ, ಕೂಡಿ ನಡೆಸುವುದನ್ನು ಕಲಿಸುವ ಇಲಾಖೆ ಇಲ್ಲ.

ಈಗಿನ ಯೋಜನೆಯನ್ನೇ ನೋಡಿ. ಪಿಎಂ ಸೂರ್ಯಘರ್ ಅಡಿಯಲ್ಲಿ ಒಂದು ಮನೆಯ ತಾರಸಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುತ್ತದೆ. ಒಳ್ಳೆಯದೇ, ಆದರೆ ತಾರಸಿ ಇದ್ದವನಿಗೆ. ಅದರಲ್ಲೇ ಜಿಲ್ಲೆಗೊಂದು ‘ಮಾದರಿ ಸೌರ ಗ್ರಾಮ’ವೂ ಇದೆ, ಗೆದ್ದ ಊರಿಗೆ 1 ಕೋಟಿ ರೂಪಾಯಿ. ಗೆಲುವಿನ ಅಳತೆ, ಊರಿನಲ್ಲಿ ಎಷ್ಟು ಸಾಮರ್ಥ್ಯದ ನವೀಕರಿಸಬಹುದಾದ ಇಂಧನ ಸ್ಥಾಪನೆಯಾಗಿದೆ ಎಂಬುದು. ಸ್ಪರ್ಧಿಸಲು ಸಾಮಾನ್ಯವಾಗಿ 5,000ಕ್ಕಿಂತ ಹೆಚ್ಚು ಜನಸಂಖ್ಯೆ ಬೇಕು. ಪುರದಂಥ ಊರು ಅರ್ಜಿಯನ್ನೇ ಹಾಕಲಾಗದು.

ಕೂಡಿ ನಡೆಸುವುದನ್ನು ಶುರುಮಾಡಲು ಒಳ್ಳೆಯ ಜಾಗ ಗ್ರಾಮ ಪಂಚಾಯಿತಿಯ ನೀರಿನ ಪಂಪು. ವಿದ್ಯುತ್ ಕಂಪನಿಗಳಿಗೆ ಪಂಚಾಯಿತಿಗಳ ಬಿಲ್ ಬಾಕಿ ಬೆಳೆಯುತ್ತಲೇ ಇರುವುದು ಎಲ್ಲರಿಗೂ ಗೊತ್ತಿರುವ ಕಥೆ. ಆ ಪಂಪು, ಬೀದಿ ದೀಪ, ಅಂಗನವಾಡಿ ಇಷ್ಟನ್ನು ಊರಿನದೇ ಸೋಲಾರಿಗೆ ಜೋಡಿಸಲಿ. ನಿರ್ವಹಣೆ ಸ್ವಸಹಾಯ ಸಂಘದ ಹೆಂಗಸರ ಕೈಯಲ್ಲಿರಲಿ. ಸಾಲ ಕೊಟ್ಟು ವಸೂಲು ಮಾಡುವ ಲೆಕ್ಕದಲ್ಲಿ ಅವರು ಈಗಾಗಲೇ ಪಳಗಿದ್ದಾರೆ. ಅನುದಾನದ ಅರ್ಜಿಯಲ್ಲಿ ‘ಎಷ್ಟು ಕಿಲೋವಾಟ್’ ಎಂಬ ಕಾಲಂ ಪಕ್ಕ ಇನ್ನೊಂದು ಕಾಲಂ ಬೇಕು: ಲೆಕ್ಕ ಬರೆಯುವವರು ಯಾರು, ಅದನ್ನು ಊರ ಮುಂದೆ ಓದುವುದು ಯಾವಾಗ? ಅದು ಖಾಲಿಯಿದ್ದರೆ ದುಡ್ಡು ಬಿಡುಗಡೆ ಮಾಡಬಾರದು.