ಶಾಂತಿ ಸಭೆಯ ಚಹಾ ಸಾಲದು

ಊರಿನಲ್ಲಿ ಗಲಭೆಯಾದರೆ ಮೊದಲ ಏಟು ಯಾರ ಹೊಟ್ಟೆಗೆ ಬೀಳುತ್ತದೆ? ಬೆಟಗೇರಿಯ ನೇಕಾರನಿಗೆ, ಗಿರಣಿಯ ಕೂಲಿಕಾರನಿಗೆ, ಲಕ್ಷ್ಮೇಶ್ವರದ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂಡುವ ಹೆಣ್ಣುಮಗಳಿಗೆ. ದೊಡ್ಡ ಸಾಹುಕಾರನ ಅಂಗಡಿ ಎಂಟು ದಿನ ಮುಚ್ಚಿದರೂ ಅವನ ಮನೆಯ ಒಲೆ ಆರದು. ದಿನಗೂಲಿಯವನ ಒಲೆ ಅಂದೇ ಸಂಜೆ ಆರುತ್ತದೆ. ಆದುದರಿಂದ ಶಾಂತಿಯನ್ನು ಮಠ-ಮಸೀದಿಗಳ ಹಿರಿಯರಿಗೂ ಪೋಲೀಸ್ ಸಾಹೇಬರಿಗೂ ಒಪ್ಪಿಸಿ ನಾವು ಕೈಕಟ್ಟಿ ಕೂಡ್ರುವಂತಿಲ್ಲ. ಅದು ದುಡಿಯುವವರ ಅನ್ನದ ಪ್ರಶ್ನೆ.

ಈಗ ನಡೆಯುತ್ತಿರುವುದೇನು? ಹಬ್ಬ ಹತ್ತಿರ ಬಂದಾಗ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಗಣ್ಯರು ಬರುತ್ತಾರೆ, ನಾವೆಲ್ಲರೂ ಒಂದೇ ಎಂಬ ಭಾಷಣವಾಗುತ್ತದೆ, ಚಹಾ ಕುಡಿದು ಏಳುತ್ತಾರೆ. ಸಭೆಗೆ ಬಂದವರು ಜಗಳವಾಡುವವರಲ್ಲ. ಜಗಳವಾಡುವ ಹುಡುಗರನ್ನು ಯಾರೂ ಸಭೆಗೆ ಕರೆಯುವುದಿಲ್ಲ. ಹಬ್ಬ ಮುಗಿದ ಮರುದಿನ ಆ ಸಭೆಯೂ ಮುಗಿಯಿತು!

ಸೌಹಾರ್ದ ನಮ್ಮ ನಾಡಿಗೆ ಹೊಸದಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದು-ಮುಸಲ್ಮಾನರಿಬ್ಬರ ಸಂಪ್ರದಾಯವನ್ನೂ ಒಂದೇ ಗದ್ದುಗೆಯಲ್ಲಿ ಕೂಡಿಸಿಕೊಂಡು ಬಂದಿದೆ. 2018ರಲ್ಲಿ ತೀರಿಕೊಂಡ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಕೋಮು ಸೌಹಾರ್ದಕ್ಕಾಗಿ ದುಡಿದುದನ್ನು ದೇಶವೇ ಬಲ್ಲದು. ಆದರೆ ಪರಂಪರೆ ಇದ್ದ ಮಾತ್ರಕ್ಕೆ ಸಂಧಾನದ ಕಲೆ ಬರುವುದಿಲ್ಲ. ಮಗ್ಗದ ಕಸಬಿನಂತೆ ಅದನ್ನೂ ಕೂತು ಕಲಿಯಬೇಕು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಒಬ್ಬರನ್ನೊಬ್ಬರು ನಂಬಿರೆಂಬ ಉಪದೇಶದಿಂದಷ್ಟೇ ಸಂಘ ನಿಲ್ಲುವುದಿಲ್ಲ. ಲೆಕ್ಕ, ನಿಯಮ, ಸಭೆ ಬೇಕಾಗುತ್ತವೆ. ಶಾಂತಿಗೂ ಅದೇ ಮಾತು.

ಕೆನ್ಯಾ ದೇಶದ ಈಶಾನ್ಯಕ್ಕೆ ವಜೀರ್ ಎಂಬ ಬರಗಾಲದ ಸೀಮೆಯಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಕುಲಕುಲಗಳ ಕಾದಾಟ ಹತ್ತಿ, ಜಗಳ ಸಂತೆಯವರೆಗೂ ಬಂತು. ಒಂದು ಕುಲದ ಹೆಂಗಸರು ಇನ್ನೊಂದು ಕುಲದವರಿಗೆ ಮಾರಲೊಲ್ಲರು, ಅವರಿಂದ ಕೊಳ್ಳಲೊಲ್ಲರು. ಆಗ ದೇಖಾ ಇಬ್ರಾಹಿಂ ಅಬ್ದಿ ಮೊದಲಾದ ಹೆಣ್ಣುಮಕ್ಕಳು ಬೇರೆ ಬೇರೆ ಕುಲದವರಾಗಿದ್ದೂ ಒಟ್ಟಿಗೆ ಕೂತರು. ಸಂತೆ ಎಲ್ಲರದು, ಯಾರು ಬೇಕಾದರೂ ಬಂದು ವ್ಯಾಪಾರ ಮಾಡಬಹುದೆಂದು ನಿಶ್ಚಯಿಸಿ, ಸಂತೆಗೆ ತಾವೇ ಕಾವಲು ನಿಂತರು. ಸಂತೆ ಶಾಂತವಾದ ಮೇಲೆ ಕುಲದ ಹಿರಿಯರನ್ನು ಕೂಡಿಸಿದರು. ಎಲ್ಲಕ್ಕೂ ಚಿಕ್ಕ ಕುಲದ ಹಿರಿಯನೊಬ್ಬನನ್ನು ಮುಂದೆ ಮಾಡಿದರು. ಅವನಿಂದ ಯಾರಿಗೂ ಭಯವಿರಲಿಲ್ಲವಲ್ಲ! 1993ರಲ್ಲಿ ಹಿರಿಯರ ಒಪ್ಪಂದವಾಯಿತು. 1995ರಲ್ಲಿ ಆ ಕೆಲಸ ಜಿಲ್ಲಾ ಸಮಿತಿಯ ರೂಪ ತಾಳಿತು. ಇದನ್ನು ಮಾಡಿದವರು ನಮ್ಮ ನಿಮ್ಮಂಥ ಸಂತೆಯ ಜನ.

ಅವರು ಬಳಸಿದ ಉಪಾಯಗಳು ಗುಟ್ಟಿನವಲ್ಲ. ಎರಡೂ ಕಡೆಯವರನ್ನು ಮೊದಲು ಬೇರೆ ಬೇರೆಯಾಗಿ ಕೇಳುವುದು. ಎದುರಾಳಿಯ ಮಾತನ್ನು ಅವನೇ ಹೌದೆನ್ನುವಂತೆ ತಿರುಗಿ ಹೇಳುವುದು. ಹಟ ಯಾವುದು, ನಿಜವಾದ ಅಗತ್ಯ ಯಾವುದು ಎಂದು ಬೇರ್ಪಡಿಸುವುದು. ಗಾಳಿಸುದ್ದಿ ಎದ್ದ ಗಳಿಗೆಯಲ್ಲಿಯೇ ಸ್ಥಳಕ್ಕೆ ಹೋಗಿ ನೋಡುವುದು. ಒಪ್ಪಿದ್ದನ್ನು ಸರಳ ಮಾತಿನಲ್ಲಿ ಬರೆದು, ಮತ್ತೆ ಸೇರುವ ದಿನವನ್ನು ಗೊತ್ತುಮಾಡುವುದು.

ಆದರೆ ಒಂದು ಎಚ್ಚರಿಕೆ. ಬಡವನಿಗೆ ತಲೆ ತಗ್ಗಿಸೆಂದು ಹೇಳುವುದು ಸಂಧಾನವಲ್ಲ. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಶೇಕಡಾ 35 ಕೂಲಿ ಹೆಚ್ಚಳ ಕೇಳಿದರು, ಮಾಲಕರು 20 ಎಂದರು. ಗಾಂಧೀಜಿ ಮತ್ತು ಅನಸೂಯಾ ಬೆನ್ ಜೊತೆಗಿದ್ದ ಆ ಮುಷ್ಕರ ಕೊನೆಗೆ ಪಂಚಾಯ್ತಿಗೆ ಹೋಯಿತು. ಪಂಚರಾದ ಆನಂದಶಂಕರ ಧ್ರುವರು 35 ಎಂದೇ ತೀರ್ಪಿತ್ತರು. ಒಗ್ಗಟ್ಟಿನ ಬಲವಿದ್ದುದರಿಂದಲೇ ಮಾತುಕತೆಗೆ ಬೆಲೆ ಬಂತು. ನಮ್ಮ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರಖಾನೆಗೆ ಭೂಮಿ ಹಿಡಿಯಹೊರಟಾಗಲೂ ರೈತರು ಬೀದಿಗಿಳಿದರು, ತೋಂಟದ ಸ್ವಾಮಿಗಳು ಮುಂದೆ ನಿಂತರು; 2011ರ ಜುಲೈನಲ್ಲಿ ಸರಕಾರ ಹಿಂದೆ ಸರಿಯಿತು. ಮೊದಲೇ ಊರವರನ್ನು ಕೂಡಿಸಿ ಕೇಳಿದ್ದರೆ ಅಷ್ಟು ದೂರ ಹೋಗಬೇಕಾಗಿತ್ತೇ?

2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಧ್ಯಾಯವಿದೆ. ಒಂದು ಪ್ರದೇಶದ ಶಾಂತಿ ಕದಡುವ ತಂಟೆಯನ್ನು, ಉಭಯ ಪಕ್ಷದವರು ಒಪ್ಪಿದರೆ, ಸ್ಥಳೀಯ ಮೂವರು ಮಧ್ಯಸ್ಥರ ಮುಂದೆ ಇಡಬಹುದೆಂದು ಅಲ್ಲಿ ಹೇಳಿದೆ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಕಾಯ್ದೆಯ ಕೆಲವು ಕಲಮುಗಳನ್ನು ಜಾರಿಗೆ ತಂದಾಗ ಈ ಅಧ್ಯಾಯವನ್ನು ಬಿಟ್ಟರು. ದೊಡ್ಡವರ ವ್ಯವಹಾರದ ತಂಟೆಗೆ ಇರುವ ಅವಸರ ಕೇರಿಯ ಶಾಂತಿಗೆ ಇರಬಾರದೇ?

ಕಾಯ್ದೆಗಾಗಿ ಕಾಯುತ್ತ ಕೂಡ್ರುವುದು ಬೇಡ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕೂ ಊರುಗಳಲ್ಲಿ ವರ್ಷವಿಡೀ ಕೂಡುವ ಶಾಂತಿ ಪಂಚಾಯ್ತಿ ಬೇಕು. ಅದರಲ್ಲಿ ಕಾರ್ಮಿಕ ಸಂಘದವರು, ನೇಕಾರರು, ಬೀದಿ ವ್ಯಾಪಾರಿಗಳು, ಎಲ್ಲ ಕೇರಿಗಳ ಹೆಣ್ಣುಮಕ್ಕಳು, ತರುಣರು ಇರಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇವರಿಗೆ ಕನ್ನಡದಲ್ಲಿ ತರಬೇತಿ ಕೊಡಲಿ. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವವನನ್ನು ಜಾಣನೆನ್ನುವರೇ? ಬಾವಿ ಈಗಲೇ ತೋಡೋಣ. ತೋಡುವ ಕೈಗಳು ದುಡಿಯುವವರವೇ ಆಗಿರಲಿ.