ಬಿಚ್ಚುವ ಸಾಮಾನು, ಒಡೆಯುವ ಸಾಮಾನು

ಮೃಗಶಿರ ಮಳೆಯು ಸಮೀಪಿಸಿದೊಡನೆ ನಮ್ಮ ಗೊಬ್ಬೂರಿನ ಬಡಿಗನ ಮನೆಯ ಮುಂದೆ ಕೂರಿಗೆ ಕುಂಟೆಗಳು ಸಾಲಾಗಿ ನಿಲ್ಲುವದನ್ನು ನಾವು ಬಾಲ್ಯದಿಂದಲೂ ಕಂಡವರು. ಟ್ರ್ಯಾಕ್ಟರು ಬಂದ ಮೇಲೆ ಆ ಸಾಲು ಮೊಟಕಾಗಿದೆ. ಆದರೂ ಒಮ್ಮೆ ನಿಂತು ನೋಡತಕ್ಕ ಕೆಲಸವದು. ಬೆಣೆಗೆ ಎರಡು ಪೆಟ್ಟು ಬೀಳುತ್ತಲೆ ಈಸು ದಿಂಡಿನಿಂದ ಕಳಚಿ ಬರುವದು. ಹಗ್ಗ ಬಿಚ್ಚಿದರೆ ಬೀಜದ ಬಟ್ಟಲೂ ಬಿದಿರಿನ ನಳಿಗೆಗಳೂ ಬೇರೆಬೇರೆಯಾಗುವವು. ಸವೆದ ಕಬ್ಬಿಣವು ಕಂಬಾರನ ಕುಲುಮೆಗೆ, ಮುರಿದ ಈಸು ಒಲೆಗೆ, ಗಟ್ಟಿಯಾಗಿ ಉಳಿದ ದಿಂಡು ಮತ್ತೆ ಹೊಲಕ್ಕೆ. ಬಂಡಿಯದೂ ಇದೇ ರೀತಿ. ಕಡೆಗೀಲು ಕಿತ್ತರೆ ಗಾಲಿಯು ಅಚ್ಚಿನಿಂದ ಹೊರಬರುವದು. ಗಾಲಿಯ ಮೇಲಿನ ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ತೊಡಿಸುವರು. ನೀರೆರೆದೊಡನೆ ಅದು ಕುಗ್ಗಿ ಕಟ್ಟಿಗೆಯನ್ನು ಬಿಗಿಯುವದು. ಅಂಟು ಬೇಕಿಲ್ಲ. ವರ್ಷಗಳು ಕಳೆದು ಕಟ್ಟಿಗೆ ಒಣಗಿ ಹಳಿ ಸಡಿಲಾದರೆ, ಅದರದೊಂದು ಚಿಕ್ಕ ತುಂಡನ್ನು ಕತ್ತರಿಸಿ, ಬೆಸೆದು, ಮರಳಿ ತೊಡಿಸುವರು.

ಇದರಲ್ಲಿ ಮೆಚ್ಚತಕ್ಕ ಸಂಗತಿ ಏನಂದರೆ, ಕೂಡಿಸುವವನು ಕೂಡಿಸುವಾಗಲೇ ಬಿಚ್ಚುವವನನ್ನು ನೆನೆದಿದ್ದನು. ನೆನೆಯದೆ ಗತಿಯೂ ಇರಲಿಲ್ಲವೆನ್ನಿ. ಮುಂದೆ ಅದನ್ನು ಬಿಚ್ಚುವವನು ಅವನೇ, ಇಲ್ಲವೆ ಅವನ ಮಗ. ಇಂದು ಸಾಮಾನು ಮಾಡುವವನು ಒಂದು ದೇಶದಲ್ಲಿ, ಅದನ್ನು ಬಿಚ್ಚುವವನು ಮತ್ತೊಂದು ದೇಶದಲ್ಲಿ. ಇಬ್ಬರಿಗೂ ಮುಖಪರಿಚಯವಿಲ್ಲ.

ನಮ್ಮ ಅನುಭವವನ್ನೇ ಹೇಳುವೆವು. ಎರಡು ವರ್ಷಗಳ ಹಿಂದೆ ಮನೆಯ ಹುಡುಗರ ಓದಿಗೆಂದು ಒಂದು ಸೌರದೀಪವನ್ನು ಕೊಂಡೆವು. ಹದಿನಾಲ್ಕು ತಿಂಗಳು ಚೆನ್ನಾಗಿ ಬೆಳಗಿತು. ಆ ಮೇಲೆ ಅರ್ಧ ಗಂಟೆಗೇ ಮಂಕಾಗತೊಡಗಿತು. ದುರಸ್ತಿ ಮಾಡುವ ಹುಡುಗನಲ್ಲಿಗೆ ಒಯ್ದರೆ ಅವನು ಅದನ್ನು ಹಿಂದುಮುಂದಾಗಿ ತಿರುವಿ, “ಕಾಕಾ, ಇದು ಬಿಚ್ಚೂ ಸಾಮಾನಲ್ರೀ, ಒಡಿಯೂ ಸಾಮಾನ” ಎಂದನು. ಎಲ್ಲಿಯೂ ಒಂದು ಸ್ಕ್ರೂ ಇಲ್ಲ, ಸುತ್ತಲೂ ಅಂಟು. ನಮ್ಮ ಒತ್ತಾಯಕ್ಕಾಗಿ ಸೀಳಿದನು. ಸತ್ತದ್ದು ಬ್ಯಾಟರಿಯೊಂದೇ; ದೀಪವೂ ಬಿಸಿಲಿನ ಹಲಗೆಯೂ ಬದುಕಿದ್ದವು. ಆದರೆ ಸೀಳುವಾಗ ಹಲಗೆಯೂ ಬಿರಿಯಿತು. ಪರೀಕ್ಷೆಯ ದಿನಗಳಲ್ಲಿ ಹುಡುಗರು ಅಡಿಗೆಮನೆಯ ಒಂದೇ ದೀಪದ ಕೆಳಗೆ ಕೂತು ಓದಿದರು.

ಬ್ಯಾಟರಿಯು ಸಾಯುವದು ಅಪರಾಧವಲ್ಲ. ಕೆಲವು ನೂರು ಸಲ ತುಂಬಿ ಬರಿದಾದ ಮೇಲೆ ಲಿಥಿಯಂ ಬ್ಯಾಟರಿಯ ಕಸುವು ಇಳಿಯುವದು ಸಹಜವೇ. ಮೊದಲು ಸವೆಯತಕ್ಕದ್ದನ್ನು ಮೊದಲು ಕೈಗೆ ಸಿಕ್ಕುವಂತೆ ಇಡಬೇಕಷ್ಟೆ. ಗೃಹಿಣಿಯರು ಇದನ್ನು ಬಲ್ಲರು. ಬೀಸುವ ಕಲ್ಲಿನ ಗೂಟ ಸವೆದರೆ ಬೇರೆ ಗೂಟ. ಪ್ರೆಶರ್ ಕುಕ್ಕರಿನ ರಬ್ಬರು ಬಳೆ ಸಡಿಲಾದರೆ ಬೇರೆ ಬಳೆ. ಮಿಕ್ಸರಿನಲ್ಲಿ ಜಾರಿಗೂ ಮೋಟಾರಿಗೂ ನಡುವೆ ಒಂದು ಮೆತ್ತನೆಯ ಹಲ್ಲುಬಿಲ್ಲೆ ಇರುವದಷ್ಟೆ. ಜಾರು ಸಿಕ್ಕಿಕೊಂಡಾಗ ಅದು ತಾನು ಮುರಿದು ಮೋಟಾರನ್ನು ಉಳಿಸುವದು. ಅಲ್ಪ ಬೆಲೆಗೆ ಬೇರೊಂದನ್ನು ತಿರುಗಿಸಿ ಕೂಡಿಸಬಹುದು.

ಇನ್ನು ನಮ್ಮ ಮನೆಯಿಂದ ಹೊರಬಿದ್ದ ಸಾಮಾನಿನ ಗತಿ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಿಂದ ನಡೆದಿರುವ ಇ-ಪರಿಸರದಂಥ ಕಾರ್ಖಾನೆಗಳಲ್ಲಿಯೂ ಹಳೆಯ ಯಂತ್ರಗಳನ್ನು ಕೈಯಿಂದ ಬಿಚ್ಚುವ ಕೆಲಸವು ತಪ್ಪಿದ್ದಲ್ಲ. ಬೇರ್ಪಡಿಸದೆ ಕುಲುಮೆಗೆ ಹಾಕಿದರೆ ಲೋಹವೇ ಕೆಡುವದು. ಕಬ್ಬಿಣದೊಡನೆ ತಾಮ್ರವು ಕರಗಿತೆಂದರೆ ಅದನ್ನು ಮರಳಿ ತೆಗೆಯುವದು ಬಹು ಕಷ್ಟ; ಅಂಥ ಉಕ್ಕನ್ನು ಕಾಯಿಸಿ ತಟ್ಟುವಾಗ ಬಿರುಕು ಬಿಡುವದು. ಅಲ್ಯೂಮಿನಿಯಮ್ಮನ್ನು ಶುದ್ಧವಾಗಿ ಬೇರ್ಪಡಿಸಿ ಕರಗಿಸಿದರೆ ಅದಿರಿನಿಂದ ತೆಗೆಯಲು ತಗಲುವ ಶಕ್ತಿಯ ಸುಮಾರು ಇಪ್ಪತ್ತನೆಯ ಒಂದು ಪಾಲು ಸಾಕು. ಆದರೆ ಎಲ್ಲ ಸಾಮಾನೂ ಕಾರ್ಖಾನೆಯನ್ನು ತಲಪುವದಿಲ್ಲ. ಗುಜರಿಯವನ ಅಂಗಳಕ್ಕೆ ಹೋದದ್ದನ್ನು ಸುತ್ತಿಗೆಯೇ ಬಿಚ್ಚುವದು; ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಸುಟ್ಟು ತಾಮ್ರ ತೆಗೆಯುವರು. ಆ ವಿಷದ ಹೊಗೆಯನ್ನು ಕುಡಿಯುವವನು ಸಾಮಾನು ಕೊಂಡ ನಾವಲ್ಲ, ಮಾಡಿದವನೂ ಅಲ್ಲ. ಅಂಟಿನೊಳಗಿನ ಲಿಥಿಯಂ ಬ್ಯಾಟರಿಯನ್ನು ಮೀಟಿ ತೆಗೆಯಹೋದರೆ ಅದು ಬಾಗಿ ಹೊತ್ತಿಕೊಳ್ಳುವದೂ ಉಂಟು.

ಸರಕಾರಗಳಿಗೆ ಇದು ತಿಳಿಯದೆ ಇಲ್ಲ. ಯುರೋಪಿನ ಒಕ್ಕೂಟವು 2023ರಲ್ಲಿ ಮಾಡಿದ ಕಾನೂನಿನಂತೆ, ಕೈಸಾಮಾನುಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳ ಹೊರತು, ಬಳಸುವವನೇ ತೆಗೆದು ಬದಲಿಸುವಂತಿರಬೇಕು. ಇದಕ್ಕೆ 2027ರ ಫೆಬ್ರುವರಿ 18ನೆಯ ದಿನವನ್ನು ಗೊತ್ತುಪಡಿಸಿದೆ. ನಮ್ಮಲ್ಲಿ 2022ರಲ್ಲಿ ಭಾರತ ಸರಕಾರವು ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿಯನ್ನು ನೇಮಿಸಿತು. ಅದು ಮೊದಲಿಗೆ ಆರಿಸಿಕೊಂಡವುಗಳಲ್ಲಿ ಮೊಬೈಲಿನ ಜೊತೆಗೆ ಒಕ್ಕಲುತನದ ಯಂತ್ರಗಳೂ ಇದ್ದವೆಂಬುದು ನಮ್ಮ ಭಾಗದವರಿಗೆ ಸಮಾಧಾನದ ಮಾತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ಕಸದ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಣೆ ಹೊತ್ತವನು ಅಂಟನ್ನು ಬಿಟ್ಟು ಸ್ಕ್ರೂ ಹಿಡಿದಾನೆಂಬುದು ನಮ್ಮ ಆಸೆ. ಇನ್ನೂ ಕಣ್ಣಾರೆ ಕಂಡಿಲ್ಲ.

ಹೊಸ ದೀಪಕ್ಕಾಗಿ ಕಲಬುರಗಿಗೆ ಹೋದಾಗ ಅಂಗಡಿಕಾರನು ಅದರ ಬೆಳಕನ್ನು ತೋರಿಸಹೋದನು. ನಾವು ಅದನ್ನು ಮಗುಚಿ ತಳವನ್ನು ನೋಡಿದೆವು. ಅವನು ನಕ್ಕನು. ಐದನೆಯ ದೀಪದ ತಳದಲ್ಲಿ ನಾಲ್ಕು ಸ್ಕ್ರೂಗಳಿದ್ದವು. “ಬ್ಯಾಟರಿ ಬೇರೆ ಸಿಗುವದೇ?” ಎಂದು ಕೇಳಿ, ಅವನು ಅದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ ಮೇಲೆಯೇ ಹಣ ಎಣಿಸಿದೆವು. ಬೆಲೆ ತುಸು ಹೆಚ್ಚೇ ಬಿತ್ತು. ಮನೆಯಲ್ಲಿ ಒಂದೆರಡು ಮಾತನ್ನೂ ಕೇಳಬೇಕಾಯಿತು.

ಹಳೆಯ ದೀಪದ ಬ್ಯಾಟರಿಯು, ತುದಿಗಳಿಗೆ ಅಂಟುಪಟ್ಟಿ ಸುತ್ತಿಸಿಕೊಂಡು, ನಮ್ಮ ಪಡಸಾಲೆಯ ಮಾಡದಲ್ಲಿ ಇನ್ನೂ ಕೂತಿದೆ. ಅದನ್ನು ತಿಪ್ಪೆಗೆ ಎಸೆಯುವಂತಿಲ್ಲ. ಮುಂದಿನ ಸಲ ಕಲಬುರಗಿಗೆ ಹೋಗುವಾಗ ಹಳೆಯ ಬ್ಯಾಟರಿಗಳನ್ನು ತೆಗೆದುಕೊಳ್ಳುವವರನ್ನು ವಿಚಾರಿಸಿ ಒಯ್ದು ಕೊಡಬೇಕಾಗಿದೆ.