ಕುಂಚವೂ ಬಣ್ಣದ ಇಳಿವೂ

ಹಲವಾಗಲಿನಂಥ ಊರಿನಲ್ಲಿಯೂ ಈಗ ಲಗ್ನಪತ್ರಿಕೆಯ ಅಂಚು, ಜಾತ್ರೆಯ ಫಲಕ, ಅಂಗಡಿಯ ಹೆಸರು ಇವೆಲ್ಲವೂ ಗಣಕಯಂತ್ರದಲ್ಲಿಯೇ ರೂಪುಗೊಳ್ಳುತ್ತವೆ. ನಮ್ಮ ಕೇರಿಯ ಒಂದು ಮನೆಯ ಸೊಸೆಯು ಈ ವೃತ್ತಿಯಿಂದ ನಾಲ್ಕು ಕಾಸು ಸಂಪಾದಿಸುತ್ತಿರುವಳು. ಆಕೆಯು ಹೊಳೆಯ ತೆರೆಯಂತಹ ಒಂದು ಕುಂಚವನ್ನು ತಾನೇ ಕಲ್ಪಿಸಿ, ಅದರೊಳಗೆ ಕಡುನೀಲಿಯಿಂದ ಬಿಳುಪಿಗೆ ಇಳಿಯುವ ಬಣ್ಣವನ್ನು ತುಂಬಿದಳು. ಇಲಸ್ಟ್ರೇಟರ್ ಎಂಬ ತಂತ್ರಾಂಶವು ಅದನ್ನು ಕುಂಚವೆಂದು ಅಂಗೀಕರಿಸಲೇ ಇಲ್ಲ. ಯಂತ್ರವು ಹಳತಾಯಿತೆಂದು ಬಗೆದು, ಬಳೆಗಳನ್ನು ಅಡವಿಟ್ಟು ಹೊಸತನ್ನು ತರುವ ಮಾತು ಮನೆಯಲ್ಲಿ ಹೊರಟಿತು. ಇಂಥ ಮಾತು ಇನ್ನೆಷ್ಟು ಮನೆಗಳಲ್ಲಿ ಹೊರಟಿರುವುದೋ ಎಂಬ ಶಂಕೆಯಿಂದಲೇ ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿರುವೆವು. ಯಂತ್ರವನ್ನು ಎಷ್ಟು ಬೆಲೆಗೆ ಕೊಂಡರೂ ಆ ಉತ್ತರವು ಬದಲಾಗದು.

1987ರಲ್ಲಿ ಹೊರಬಂದ ಈ ತಂತ್ರಾಂಶವು ಚಿತ್ರವನ್ನು ಚುಕ್ಕೆಗಳ ರಾಶಿಯಾಗಿ ಇಟ್ಟುಕೊಳ್ಳುವುದಿಲ್ಲ. ರೇಖೆಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ನಾವು ಎಳೆದ ಗೆರೆ ಬಾಗಿದಂತೆ ಕುಂಚದ ಆಕೃತಿಯೂ ಬಾಗಬೇಕು. ಆಕೃತಿಗೆ ಅಂಚುಂಟು, ಅಂಚನ್ನು ಬಾಗಿಸಬಹುದು. ಗ್ರೇಡಿಯಂಟ್ ಎಂಬ ಬಣ್ಣದ ಇಳಿವಿಗಾದರೋ ಅಂಚೆಂಬುದೇ ಇಲ್ಲ. ಅದು ಇಲ್ಲಿಂದ ಅಲ್ಲಿಗೆ ನೇರವಾಗಿ ಇಳಿ ಎಂಬ ಒಂದು ವಿಧಿ ಮಾತ್ರ. ವಿಧಿಯನ್ನು ಬಾಗಿಸುವುದೆಂತು?

ಆದಕಾರಣ ಇಳಿವನ್ನು ಪಟ್ಟಿಗಳಾಗಿ ಒಡೆಯತಕ್ಕದ್ದು. ನೀಲಿಯ ಒಂದು ಪಟ್ಟಿ, ಬಿಳಿಯ ಒಂದು ಪಟ್ಟಿ ಬರೆದು, ಬ್ಲೆಂಡ್ ಎಂಬ ಸಾಧನದಿಂದ ನಡುವೆ ಹದಿನೈದೋ ಇಪ್ಪತ್ತೋ ಮೆಟ್ಟಿಲುಗಳನ್ನು ಹುಟ್ಟಿಸಬೇಕು. ಬಳಿಕ ಎಕ್ಸ್‌ಪ್ಯಾಂಡ್ ಮಾಡಿದರೆ ಪ್ರತಿಯೊಂದು ಮೆಟ್ಟಿಲೂ ಸ್ವತಂತ್ರವಾದ ಆಕೃತಿಯಾಗುವುದು. ಈ ಎರಡನೆಯ ಕೆಲಸವನ್ನು ಬಿಟ್ಟರೆ ತಂತ್ರಾಂಶವು ಮತ್ತೆ ಒಲ್ಲೆನೆನ್ನುವುದು. ಆಮೇಲೆ ಅದನ್ನು ಆರ್ಟ್ ಬ್ರಶ್ ಆಗಿ ಸೇರಿಸಿಕೊಳ್ಳಬಹುದು. ಲಗ್ನಪತ್ರಿಕೆಯ ಅಂಚಿಗೆ ಇಷ್ಟು ಮೆಟ್ಟಿಲು ಸಾಕು. ಜಾತ್ರೆಯ ದೊಡ್ಡ ಫಲಕದಲ್ಲಿ ಪಟ್ಟಿಗಳು ಬೇರೆ ಬೇರೆಯಾಗಿ ಕಂಡಾವು, ಅಲ್ಲಿ ಹೆಚ್ಚಿಸಬೇಕು. ವಿಪರೀತ ಹೆಚ್ಚಿಸಿದರೆ ಕಡತವು ಭಾರವಾಗಿ ಯಂತ್ರವು ಕುಂಟುವುದು.

ಇನ್ನೊಂದು ಮಿತವ್ಯಯದ ಉಪಾಯವುಂಟು. ಪಟ್ಟಿಗಳನ್ನು ನೀಲಿಯಲ್ಲಿ ಬರೆಯದೆ ಕಪ್ಪಿನಿಂದ ಬಿಳಿಗೆ ಬರೆದು, ಕುಂಚದ ವರ್ಣೀಕರಣವನ್ನು ಟಿಂಟ್ಸ್ ಎಂದಿಟ್ಟರೆ, ಗೆರೆಗೆ ಕೊಟ್ಟ ಬಣ್ಣವೇ ಕಪ್ಪಿನ ಸ್ಥಾನಕ್ಕೆ ಬಂದು, ಬೂದಿಯ ಪಟ್ಟಿಗಳು ಅದರ ತೆಳುಛಾಯೆಗಳಾಗಿ, ಬಿಳಿಯು ಬಿಳಿಯಾಗಿಯೇ ಉಳಿಯುವುದು. ಒಂದೇ ಕುಂಚವು ನೀಲಿಯಲ್ಲಿ ಹೊಳೆಯೂ ಹಸುರಿನಲ್ಲಿ ಮಾವಿನ ತೋರಣವೂ ಆದೀತು. ಈ ಕ್ರಮವೇ ನಮಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು.

ಬಣ್ಣವನ್ನು ಒಡೆದು ಛಾಯೆ ತೋರುವುದು ನಮ್ಮವರಿಗೆ ಹೊಸತಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಛಾಯೆಗೆ ವರ್ತನೆಯೆಂಬ ಹೆಸರಿಟ್ಟು, ಪತ್ರಜ, ಐರಿಕ, ಬಿಂದುಜ ಎಂದು ಮೂರು ಬಗೆ ಹೇಳುತ್ತದೆ: ಎಲೆಯ ನರಗಳಂತಹ ಗೆರೆಗಳಿಂದ ಒಂದು, ಅತಿ ಸೂಕ್ಷ್ಮರೇಖೆಗಳಿಂದ ಒಂದು, ಚುಕ್ಕೆಗಳಿಂದ ಒಂದು. ಇಂದಿನ ಮುದ್ರಣಾಲಯವೂ ನಾಲ್ಕು ಮಸಿಗಳ ಚುಕ್ಕೆಗಳಿಂದಲೇ ಸಕಲ ಛಾಯೆಗಳನ್ನೂ ತೋರುವುದೆಂಬುದನ್ನು ನೆನೆದರೆ ಬಿಂದುಜವು ಇನ್ನೂ ಜೀವಿಸಿದೆಯೆನ್ನಬೇಕು. 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಕುಂಚ ಮಾಡುವ ಬಗೆಯನ್ನೇ ವಿವರಿಸಿರುವನು; ಕರುವಿನ ಕಿವಿಯ ಕೂದಲು ಅದರ ಸಾಮಗ್ರಿ. ಆ ವಂಶದವರ ಕಾಲದ ಶಿಲ್ಪವನ್ನು ನೋಡಬೇಕೆನ್ನುವವರಿಗೆ ನಮ್ಮ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯವೇ ಸಮೀಪ. ಅರಸನಾದವನೂ ಸ್ವಂತ ಕುಂಚದ ವಿಚಾರವನ್ನು ಕೀಳೆಂದು ಎಣಿಸಲಿಲ್ಲ.

ಕೆಲವು ಸಂದರ್ಭಗಳಲ್ಲಿ ಕುಂಚವೇ ಬೇಕಾಗದು. 2012ರ ಸಿಎಸ್6 ಆವೃತ್ತಿಯಿಂದೀಚೆಗೆ ಸಾದಾ ಗೆರೆಗೇ ಬಣ್ಣದ ಇಳಿವನ್ನು ಕೊಡಬಹುದು. ಅದು ಗೆರೆಯ ಉದ್ದಕ್ಕೂ ಹರಿಯಬಲ್ಲುದು, ಅಡ್ಡಲಾಗಿಯೂ ಹರಿಯಬಲ್ಲುದು. ಒಂದು ಬದಿ ನೀಲಿ, ಮತ್ತೊಂದು ಬದಿ ಬಿಳಿಯಾದ ಅಲೆಗೆ ಇದೇ ಧಾರಾಳವಾಯಿತು. ಕುಂಚದಿಂದ ಎಳೆದ ಗೆರೆಗೇ ಇಳಿವು ಬೇಕಾದರೆ ಎಕ್ಸ್‌ಪ್ಯಾಂಡ್ ಅಪಿಯರೆನ್ಸ್ ಎಂಬ ಆಜ್ಞೆಯಿಂದ ಅದನ್ನು ಆಕೃತಿಯಾಗಿ ಮಾರ್ಪಡಿಸಿ ಬಣ್ಣ ತುಂಬಬಹುದು. ಆದರೆ ಅನಂತರ ಗೆರೆಯನ್ನು ಮೊದಲಿನಂತೆ ಬಾಗಿಸಲಾಗದು. ಮೂಲದ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು.